ಸದಸ್ಯೆಯ ಮನೆಯಲ್ಲಿ ಕಾವಲು

ಮಾರ್ಚ್ 3, ಸೋಮವಾರ

ಇಡೀ ದಿನ ಹಲ್ಲುಗಳ ನಡುವೆ ಕೂತಿದ್ದೆ. ನಗರಸಭೆಯ ಮೂರನೇ ವಾರ್ಡಿನ ಸದಸ್ಯೆ ಹೊಟ್ಟೆಪಾಡಿಗೆ ಹಲ್ಲಿನ ಸೆಟ್ಟು ಮಾಡುತ್ತಾರೆ. ಊರಿನ ಹಲ್ಲು ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಾರೆ. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ನನ್ನ ಕುರ್ಚಿ ಅದರ ಬಾಗಿಲಲ್ಲಿ. ಎದುರಿನ ಹಲಗೆಯ ಮೇಲೆ ಮೂವತ್ತು ಮೂವತ್ತೈದು ಬಾಯಿಗಳು, ಎಲ್ಲ ನನ್ನ ಕಡೆಗೇ ಮುಖ ಮಾಡಿವೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲು ಸಂಕೋಚವಾಯಿತು.

ಇವರ ತಮ್ಮ ಮೊದಲು ಇಲ್ಲಿನ ಸದಸ್ಯ. ನವೆಂಬರಿನಲ್ಲಿ ಸಭೆ ಮುಗಿಸಿ ನಗರಸಭೆಯ ಮೆಟ್ಟಿಲು ಇಳಿಯುವಾಗ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಯಾರು ಅಂತ ಇನ್ನೂ ಸಿಕ್ಕಿಲ್ಲ, ಯಾರು ಮಾಡಿಸಿದ್ದು ಅಂತ ಊರಿಗೆಲ್ಲ ಗೊತ್ತು. ಖಾಲಿಯಾದ ಜಾಗಕ್ಕೆ ಜನವರಿಯಲ್ಲಿ ಚುನಾವಣೆ ನಡೆದು, ವಾರ್ಡಿನವರು ಅಕ್ಕನನ್ನೇ ಎಳೆದು ತಂದು ನಿಲ್ಲಿಸಿ ಗೆಲ್ಲಿಸಿದರು. ಈಗ ಇವರೂ ಇನ್ನು ಹನ್ನೊಂದು ಜನವೂ ಸೇರಿ ಅಧ್ಯಕ್ಷರನ್ನು ಇಳಿಸಲು ನೋಟಿಸು ಕೊಟ್ಟಿದ್ದಾರೆ. ಇಪ್ಪತ್ತಮೂರು ಸದಸ್ಯರಲ್ಲಿ ಹನ್ನೆರಡು ಕೈ ಎದ್ದರೆ ಅಧ್ಯಕ್ಷರು ಹೋದಂತೆ. ಮೂವತ್ತೊಂದಕ್ಕೆ ಸಭೆ. ಹೋದ ವಾರ ಇವರ ಮನೆಯೊಳಗೆ ಯಾರೋ ಒಂದು ಚೀಟಿ ಎಸೆದರು: 'ತಮ್ಮ ಕಾಯ್ತಿದಾನೆ.' ಅದಕ್ಕೇ ನಾನು ಬಂದದ್ದು.

ಇನ್‌ಸ್ಪೆಕ್ಟರ್ ಸಾಹೇಬರು ಕರೆದು ಹೇಳಿದರು, ಅಲ್ಲಿಯ ತನಕ ಆಕೆಯ ಮೈಮೇಲೆ ಒಂದು ಗೀರೂ ಬೀಳಬಾರದು, ಬಿದ್ದರೆ ನಿನ್ನ ಸರ್ವೀಸೂ ಅಲ್ಲಿಗೇ ಮುಗಿಯಿತು ಅಂತ. ನನಗೆ ಉಳಿದಿರುವುದು ಹದಿನಾಲ್ಕು ತಿಂಗಳು. ಒಂದು ಭೇಟಿ ಪುಸ್ತಕವನ್ನೂ ಕೊಟ್ಟಿದ್ದಾರೆ. ಯಾರು ಬಂದರು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕೂತರು, ಎಲ್ಲ ಬರೆದು ದಿನಾ ಸಂಜೆ ಠಾಣೆಗೆ ಕಳಿಸಬೇಕು. ಅದರಲ್ಲಿ ಬರೆಯಲಾಗದ್ದನ್ನು ಬರೆದುಕೊಳ್ಳಲು ಈ ನೋಟುಬುಕ್ಕು, ನನ್ನ ಸ್ವಂತದ್ದು.

ಮನೆಯಲ್ಲಿ ಇನ್ನೊಬ್ಬರೆಂದರೆ ಇವರ ತಂದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು, ನಿವೃತ್ತರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನನ್ನ ಮಗನಿಗೂ ಕಾವಲು ಕೊಡ್ತೀವಿ ಅಂತ ಕಾಗದ ಬಂದಿತ್ತು. ಅವನು ಹೋಗಿ ಹತ್ತು ದಿನ ಆದ್ಮೇಲೆ ಬಂತು."

ಕುರ್ಚಿ ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಕೂತೆ.

ಮಾರ್ಚ್ 5, ಬುಧವಾರ

ಮೇಡಂ ನಡೆಯುವುದಿಲ್ಲ, ಓಡುತ್ತಾರೆ. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಮನೆಯ ಮೆಟ್ಟಿಲ ಮೇಲೆ ಕೂತು ಬಂದವರ ಮಾತು ಕೇಳುವುದು, ಆಮೇಲೆ ವಾರ್ಡು ಸುತ್ತುವುದು. ಚರಂಡಿ ಕಟ್ಟಿದೆ ಅಂದರೆ ಬಗ್ಗಿ ಕೈಹಾಕಿ ನೋಡುವ ಹೆಂಗಸು. ನನ್ನ ಮಂಡಿಗಳು ಎರಡನೇ ಬೀದಿಗೇ ಕೈಕೊಟ್ಟವು. ಒಬ್ಬಳು ಮುದುಕಿ, ಇವನ್ಯಾರಮ್ಮ ಹಿಂದೆ ಹಿಂದೆ ಕುಂಟ್ಕೊಂಡು ಬರ್ತಾನಲ್ಲ, ಸಂಬಂಧಿಕನಾ ಅಂತ ಕೇಳಿದಳು. ಮೇಡಂ ನಗು ತಡೆಯಲಾರದೆ, ಹೂಂ, ನಮ್ಮಣ್ಣ ಅಂದುಬಿಟ್ಟರು. ಅಲ್ಲಿಂದ ಅಣ್ಣ ಅಂತಲೇ ಕರೆಯುತ್ತಿದ್ದಾರೆ.

ಮಾರ್ಚ್ 7, ಶುಕ್ರವಾರ

ಇವತ್ತು ನನ್ನ ಜೀವ ಬಾಯಿಗೆ ಬಂತು. ಹಾಲಿನ ಅಂಗಡಿಯ ಮುಂದೆ ಮೇಡಂ ಯಾರೊಂದಿಗೋ ಮಾತಾಡುತ್ತ ನಿಂತಿದ್ದಾಗ ಒಂದು ಬೈಕು ನಿಧಾನ ಮಾಡಿತು. ಹಿಂದೆ ಕೂತವನು ಜಾಕೀಟಿನ ಒಳಗೆ ಕೈ ಹಾಕಿದ. ನಾನು ಯೋಚನೆಯನ್ನೇ ಮಾಡಲಿಲ್ಲ, ಮೇಡಂ ಅವರನ್ನು ನೂಕಿ ಮೇಲೆ ಬಿದ್ದೆ. ಅವನು ತೆಗೆದದ್ದು ಮೊಬೈಲು. ನಾವಿಬ್ಬರೂ ಚರಂಡಿಯ ಅಂಚಿನಲ್ಲಿ ಬಿದ್ದಿರುವ ಫೋಟೊ ತೆಗೆದು, ನಕ್ಕು, ಹೊರಟುಹೋದ. ಬೈಕಿಗೆ ನಂಬರು ಇರಲಿಲ್ಲ. ಹತ್ತು ನಿಮಿಷದಲ್ಲಿ ಅದೇ ಫೋಟೊ ಮೇಡಂ ಮೊಬೈಲಿಗೆ ಬಂತು. ಮಾತಿಲ್ಲ ಕತೆಯಿಲ್ಲ, ಬರೀ ಫೋಟೊ.

ಮೇಡಂ ಮೊಣಕೈ ತರಚಿ ರಕ್ತ ಬಂದಿತ್ತು. ಅವರ ತಂದೆ (ಬೀದಿಯವರ ಹಾಗೆ ನಾನೂ ಅಜ್ಜ ಅನ್ನುತ್ತೇನೆ) ಔಷಧ ಹಚ್ಚುತ್ತ, ಸದ್ಯಕ್ಕೆ ಇವಳಿಗೆ ಗಾಯ ಮಾಡಿರೋನು ನೀನೊಬ್ಬನೇ ನೋಡಪ್ಪ ಅಂದರು. ಮೇಡಂ ನಕ್ಕರು.

ಮಾರ್ಚ್ 10, ಸೋಮವಾರ

ಮೇಡಂ ಮೇಲೆ ದಾಳಿ ಆಗಬಹುದು ಅಂತ ಮಾಹಿತಿ ಬಂದಿದೆಯಂತೆ. ಸಾಹೇಬರು ಫೋನ್ ಮಾಡಿ, ವಾರ್ಡು ಸುತ್ತುವುದನ್ನು ನಿಲ್ಲಿಸು ಅಂದರು. ಎಲ್ಲಿಂದ ಬಂದ ಮಾಹಿತಿ ಅಂತ ನಾನು ಕೇಳುವ ಹಾಗಿಲ್ಲ. ಮೇಡಂ ಒಪ್ಪಲಿಲ್ಲ. ಓಟು ಕೇಳೋಕೆ ಮನೆಮನೆಗೆ ಹೋದವಳು, ಈಗ ಬಾಗಿಲು ಹಾಕ್ಕೊಂಡು ಕೂತ್ರೆ ಏನಂದ್ಕೋತಾರೆ ಅಂತ ವಾದ ಮಾಡಿದರು. ನಾನು ಫೋಟೊ ವಿಷಯ ತೆಗೆದೆ. ಒಂದು ವಾರ ಮಾತ್ರ ಅಂತ ಒಪ್ಪಂದವಾಯಿತು.

ಮಂಡಿಗೆ ಆರಾಮ ಅಂತ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 13, ಗುರುವಾರ

ಮೆಟ್ಟಿಲ ಮೇಲೆ ಕೂರುವುದೂ ಅಪಾಯವೇ, ಎದುರುಮನೆಯ ತಾರಸಿಯಿಂದ ನೇರ ಕಾಣುತ್ತದೆ. ನಾನೇ ಹೇಳಿ ಬಿಡಿಸಿದೆ. ಮುಂದಿನ ಕಿಟಕಿಯನ್ನೂ ಮುಚ್ಚಿಸಿದೆ. ಮೇಣ ಕಾಯಿಸಿದ ವಾಸನೆ ಈಗ ಮನೆಯಲ್ಲೇ ನಿಲ್ಲುತ್ತದೆ, ಮಾಡುವುದೇನು. ಜನ ಬಂದರೆ ಗೇಟಿನಲ್ಲೇ ನಿಲ್ಲಿಸಿ ಅರ್ಜಿ ಇಸಿದುಕೊಂಡು ಒಳಗೆ ಕೊಡುತ್ತೇನೆ. ಮೇಡಂ ಓದಿ, ಹೀಗೆ ಹೇಳಿ ಅಂತಾರೆ. ನಾನು ಹೋಗಿ ಹೇಳುತ್ತೇನೆ.

ಮಾರ್ಚ್ 16, ಭಾನುವಾರ

ಮೇಲಿನ ಪೇಟೆಯ ಔಷಧಿ ಅಂಗಡಿಯವರು ಬಂದಿದ್ದರು. ಅವರೂ ಸದಸ್ಯರೇ, ನೋಟಿಸಿಗೆ ಕೊನೆಯಲ್ಲಿ ಸಹಿ ಹಾಕಿದ ಹನ್ನೆರಡನೆಯವರು. ತೆಳ್ಳಗೆ, ಎಲ್ಲದಕ್ಕೂ ಎರಡೆರಡು ಸಲ ಕ್ಷಮಿಸಿ ಅನ್ನುವ ಮನುಷ್ಯ. ನನ್ನ ಮಂಡಿ ನೋಡಿ ಒಂದು ಮುಲಾಮಿನ ಹೆಸರು ಹೇಳಿದರು, ಬರೆದುಕೊಂಡೆ. ಹಿಂದಿನ ಕೋಣೆಯಲ್ಲಿ ನಲವತ್ತು ನಿಮಿಷ ಕೂತರು. ಅವರಿಗೆ ಹೆದರಿಕೆ ಇದೆ, ಆದ್ರೂ ಕೈ ಎತ್ತುತ್ತಾರಂತೆ ಅಂತ ಮೇಡಂ ಅಜ್ಜನಿಗೆ ಹೇಳಿದ್ದು ಕೇಳಿಸಿತು.

ಭೇಟಿ ಪುಸ್ತಕ: ಬಂದದ್ದು 4.10, ಹೋದದ್ದು 4.50, ಹಿಂದಿನ ಕೋಣೆ.

ಮಾರ್ಚ್ 18, ಮಂಗಳವಾರ

ಜನ ಈಗ ನನ್ನನ್ನೇ ಸದಸ್ಯರೇ ಅನ್ನತೊಡಗಿದ್ದಾರೆ, ತಮಾಷೆಗೆ. ಬೀದಿದೀಪ ಯಾರ ಮನೆಯ ಮುಂದೆ ಹಾಕಬೇಕು ಅಂತ ಎರಡು ಮನೆಯವರು ಜಗಳಾಡಿಕೊಂಡು ಬಂದಿದ್ದರು. ಒಳಗೆ ಕೇಳುವುದು ಯಾಕೆ ಅಂತ ನಾನೇ ಇಬ್ಬರಿಗೂ ನಡುವಿನ ಕಂಬಕ್ಕೆ ಒಪ್ಪಿಸಿ ಕಳಿಸಿದೆ. ಚೆನ್ನಾಗಿ ಮಾಡಿದೆ ಅನ್ನಿಸಿತು. ಇನ್ನೊಬ್ಬ ನೀರಿನ ವಿಚಾರಕ್ಕೆ ಬಂದ. ಈ ವಾರ ನಾವು ಯಾರನ್ನೂ ನೋಡ್ತಿಲ್ಲ ಅಂದೆ.

ವಾರ ಮುಗಿಯಿತು, ನಾಳೆಯಿಂದ ವಾರ್ಡಿಗೆ ಹೊರಡಬೇಕಲ್ಲ ಅಂತ ಮೇಡಂ ನೆನಪಿಸಿದರು. ಸಾಹೇಬರನ್ನು ಕೇಳಿ ಹೇಳುತ್ತೇನೆ ಅಂದೆ. ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆ ಅಂತ ಗೊತ್ತಿದೆಯಲ್ಲ.

ಮಾರ್ಚ್ 20, ಗುರುವಾರ

ಔಷಧಿ ಅಂಗಡಿಯವರ ಬಲಗೈಯ ನಾಲ್ಕು ಬೆರಳು ಜಜ್ಜಿಹೋಗಿವೆ. ಹಾಡುಹಗಲು, ಹನ್ನೊಂದು ಗಂಟೆ, ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ. ನಾಲ್ಕು ಜನ ಬಂದು ಎಲ್ಲರನ್ನೂ ಹೊರಗೆ ಕಳಿಸಿ, ಅವರ ಕೈಯನ್ನು ಹೊಸಿಲ ಮೇಲೆ ಇಡಿಸಿ ಶಟರ್ ಎಳೆದರಂತೆ. ಎತ್ತಿ ಮತ್ತೊಮ್ಮೆ ಎಳೆದರಂತೆ. ಹಿಂದಿನ ಕೋಣೆಯಲ್ಲಿ ಕೂತು ಏನು ಮಾತಾಡಿದೆ ಅಂತ ಕೇಳಿದರಂತೆ.

ಮೇಡಂ ಆಸ್ಪತ್ರೆಗೆ ಹೊರಟರು. ನಾನು ಬಿಡಲಿಲ್ಲ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಮೇಡಂ ಕೆಲಸಕ್ಕೆ ಕೂರಲಿಲ್ಲ. ನನ್ನ ಕುರ್ಚಿಯ ಪಕ್ಕ ಬಂದು ನಿಂತು ಭೇಟಿ ಪುಸ್ತಕ ಕೈಗೆತ್ತಿಕೊಂಡರು. ಹಾಳೆ ತಿರುವಿ ಹದಿನಾರನೇ ತಾರೀಖಿಗೆ ಬಂದು ನಿಂತರು.

"ಹಿಂದಿನ ಕೋಣೆ ಅಂತ ಯಾಕೆ ಬರೆದ್ರಿ, ಅಣ್ಣ?"

ಹಾಗೆ ಬರೆಯಬೇಕು ಅಂತ ಹೇಳಿದ್ದಾರೆ ಅಂದೆ.

"ಸಂಜೆ ಇದನ್ನ ಯಾರು ಓದ್ತಾರೆ?"

ಸಾಹೇಬರು ಅಂದೆ. ಅವರು ಯಾರಿಗೆ ಓದಿ ಹೇಳ್ತಾರೆ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಅದು ನಿಜ. ಮೂವತ್ತೈದು ವರ್ಷದಿಂದ ಇಂಥ ಪುಸ್ತಕ ಎಷ್ಟೋ ಬರೆದಿದ್ದೇನೆ, ಆಮೇಲೆ ಅವು ಎಲ್ಲಿಗೆ ಹೋಗುತ್ತವೆ ಅಂತ ಒಂದು ದಿನವೂ ಕೇಳಿಲ್ಲ. ಮೇಡಂ ಪುಸ್ತಕವನ್ನು ನನ್ನ ತೊಡೆಯ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 23, ಭಾನುವಾರ

ನಿನ್ನೆ ಏಳನೇ ವಾರ್ಡಿನ ಸದಸ್ಯೆ, ಟೀಚರಮ್ಮ, ಬಂದು ಹೋದರು. ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಧೈರ್ಯ ಮಾಡಿಯೇ ಬರೆಯಲಿಲ್ಲ. ಇವತ್ತು ಸಾಹೇಬರ ಫೋನು. ಟೀಚರ್ ಬಂದು ಅರ್ಧ ಗಂಟೆ ಕೂತಿದ್ದರಂತಲ್ಲ, ಪುಸ್ತಕದಲ್ಲಿ ಕಾಣುತ್ತಿಲ್ಲ, ಕಣ್ಣು ಮಂದವಾಯಿತೇ ಅಂತ ನಯವಾಗಿ ಕೇಳಿದರು. ಹಾಗಾದರೆ ನನ್ನನ್ನೂ ನೋಡುವವರು ಒಬ್ಬರಿದ್ದಾರೆ. ಆಮೇಲೆ ಸಂಸಾರದ ಮಾತು.

"ಮಗಳು ಹೇಗಿದಾಳೆ? ಅದೇ ಸ್ಕೂಲಲ್ಲೇ ಕೆಲಸನಾ? ದಿನಾ ಬಸ್ಸಲ್ಲೇ ಹೋಗ್ತಾಳಲ್ಲ?"

ಹೌದು ಸಾರ್ ಅಂದೆ. ಅವಳು ಬಸ್ಸಲ್ಲಿ ಹೋಗುವುದು ಇವರಿಗೆ ಹೇಗೆ ಗೊತ್ತು? ನಾನು ಹೇಳಿದ ನೆನಪಿಲ್ಲ.

ಟೀಚರಮ್ಮನ ಹೆಸರು ಬರೆದೆ. ಬಂದದ್ದು 5.05, ಹೋದದ್ದು 5.35. ಹಿಂದಿನ ಕೋಣೆ ಅಂತ ಬರೆಯದೆ ಬರೀ ಕೋಣೆ ಅಂತ ಬರೆದೆ.

ಆಮೇಲೆ ಮೇಡಂಗೆ ಹೇಳಿದೆ, ಇನ್ನು ಯಾರೂ ಬರದೇ ಇದ್ದರೆ ಒಳ್ಳೆಯದು, ಅವರಿಗೇ ಒಳ್ಳೆಯದು ಅಂತ. ತಲೆಯಾಡಿಸಿದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಬರಬೇಡಿ ಅಂದರು.

ಮಾರ್ಚ್ 26, ಬುಧವಾರ

ಯಾರೂ ಬರಲಿಲ್ಲ. ಪುಸ್ತಕ ಖಾಲಿ. ಇಷ್ಟು ಸುಲಭದ ಡ್ಯೂಟಿ ನನ್ನ ಸರ್ವೀಸಿನಲ್ಲೇ ಇಲ್ಲ.

ಮಾರ್ಚ್ 27, ಗುರುವಾರ

ಅಜ್ಜ ಕ್ಷೌರಕ್ಕೆ ಹೋಗುತ್ತೇನೆಂದು ಚಪ್ಪಲಿ ಹಾಕಿಕೊಂಡರು. ನಾಲ್ಕು ದಿನ ತಡೆಯಿರಿ ಅಂದೆ. ಗಡ್ಡ ಕೆರೆಯುತ್ತದೆ ಅಂದರು. ಕೊನೆಗೆ ನಾನೇ ಕನ್ನಡಿ ಹಿಡಿದು ನಿಂತೆ, ಅವರೇ ಬೋಳಿಸಿಕೊಂಡರು. ಎರಡು ಕಡೆ ಕುಯ್ದುಕೊಂಡರು. ಅಂಚೆಯಲ್ಲಿ ವಿಳಾಸ ಸರಿಯಿಲ್ಲದ ಕಾಗದಗಳನ್ನು ಒಂದು ಗೂಡಿಗೆ ಹಾಕುತ್ತಿದ್ದರಂತೆ, ಕಳಿಸಿದವನಿಗೂ ಇಲ್ಲ, ಸೇರಬೇಕಾದವನಿಗೂ ಇಲ್ಲ. ಈ ಮನೆ ಹಾಗಾಗಿದೆ ನೋಡು ಅಂದರು. ವಯಸ್ಸಾದವರು ಏನಾದರೂ ಅನ್ನುತ್ತಿರುತ್ತಾರೆ.

ಮಾರ್ಚ್ 29, ಶನಿವಾರ

ಮೇಡಂ ಬಹಳ ದಿನದ ಮೇಲೆ ಮಾತಾಡಿದರು. ಒಬ್ಬ ಬಸ್ ಡ್ರೈವರಿಗೆ ಮಾಡುತ್ತಿದ್ದ ಸೆಟ್ಟು ಮುಗಿಸಿ, ದೀಪಕ್ಕೆ ಹಿಡಿದು ತಿರುಗಿಸುತ್ತ ತಮ್ಮನ ವಿಷಯ ಹೇಳಿದರು. ಅವನು ಸಭೆಯಲ್ಲಿ ಮಾತಾಡುವಾಗ ತೊದಲುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರಂತೆ. ಆದರೂ ವಾಕ್ಯ ಪೂರ್ತಿ ಮುಗಿಸದೆ ಕೂರುತ್ತಿರಲಿಲ್ಲವಂತೆ.

"ನಂಗೆ ಭಾಷಣ ಬರಲ್ಲ. ಸೋಮವಾರ ಅಲ್ಲಿ ಹೋಗಿ ಒಂದು ಕೈ ಎತ್ತಬೇಕು, ಅಷ್ಟೇ. ಅಷ್ಟಕ್ಕೇ ನನ್ನ ಆರಿಸಿರೋದು. ಕರ್ಕೊಂಡು ಹೋಗ್ತೀರಾ?"

ಹತ್ತು ಗಂಟೆಗೆ ಜೀಪು ಬರುತ್ತದೆ, ನಾನೇ ಮುಂದೆ ಕೂತು ಕರೆದುಕೊಂಡು ಹೋಗಿ, ನಾನೇ ವಾಪಸು ತರುತ್ತೇನೆ ಅಂತ ಮಾತು ಕೊಟ್ಟೆ. ಮನಸ್ಸಿನಿಂದಲೇ ಕೊಟ್ಟೆ.

ಮಾರ್ಚ್ 31, ಸೋಮವಾರ

ಯಾರಿಗೂ ಏನೂ ಆಗಲಿಲ್ಲ.

ಏಪ್ರಿಲ್ 1, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಬೆಳಿಗ್ಗೆ ಎಂಟಕ್ಕೇ ಮೇಡಂ ಸಿದ್ಧರಾಗಿದ್ದರು. ಅಜ್ಜ ಮಗನ ಕೈಗಡಿಯಾರ ತಂದು ಮಗಳ ಕೈಗೆ ಕಟ್ಟಿದರು. ಒಂಬತ್ತೂ ಇಪ್ಪತ್ತಕ್ಕೆ ಸಾಹೇಬರ ಫೋನು. ಮಾಹಿತಿ ಬಂದಿದೆ, ದಾರಿಯಲ್ಲೇ ಹೊಡೆಯುತ್ತಾರೆ, ಆಕೆ ಮನೆ ಬಿಟ್ಟು ಹೊರಗೆ ಬರಕೂಡದು, ಜೀಪು ಬರುವುದಿಲ್ಲ. ಯಾವ ದಾರಿ ಸಾರ್, ಬೇರೆ ದಾರಿಯಲ್ಲಿ ಹೋಗುತ್ತೇವೆ ಅಂದೆ. ಮೊದಲ ಸಲ ಎದುರು ಕೇಳಿದ್ದು. ಅದಕ್ಕೆ ಅವರು, ನಿನ್ನ ಮಗಳು ಇವತ್ತು ಸ್ಕೂಲಿಗೆ ಹೋಗಿದ್ದಾಳಾ ಅಂದರು.

ಫೋನು ಜೇಬಿಗೆ ಹಾಕಿಕೊಂಡು ಮುಂಬಾಗಿಲಿಂದ ಹೊರಗೆ ಬಂದೆ. ಬಾಗಿಲು ಎಳೆದೆ. ಹೊರಗಿನ ಚಿಲಕ ಹಾಕಿದೆ. ಹಿಂದಿನ ಬಾಗಿಲಿಗೆ ಎರಡು ವಾರದ ಹಿಂದೆಯೇ ನಾನೇ ಬೀಗ ಹಾಕಿಸಿದ್ದೆ, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಮೇಡಂ ಒಳಗಿಂದ ಬಾಗಿಲಿನ ಹತ್ತಿರ ಬಂದರು. ಮಾಹಿತಿ ಬಂದಿದೆ, ನಿಮ್ಮ ಜೀವಕ್ಕೇ ಅಪಾಯ, ಎರಡೇ ಗಂಟೆ ತಡೆಯಿರಿ ಅಂತ ಹೇಳಿದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

"ಇಲ್ಲಿಂದ ನಗರಸಭೆಗೆ ನಡ್ಕೊಂಡು ಹೋದ್ರೆ ಹದಿನೈದು ನಿಮಿಷ. ತೆಗೀರಿ ಅಣ್ಣ."

ಆಗಲ್ಲ ಅಂದೆ. ಅಜ್ಜ ಬಾಗಿಲು ಬಡಿದರು. ಎಷ್ಟು ಬಡಿದರು ಅಂದರೆ ಎದುರುಮನೆಯವರು ತಾರಸಿಗೆ ಬಂದು ನೋಡಿದರು. ಯೂನಿಫಾರ್ಮು ನೋಡಿ ಒಳಗೆ ಹೋದರು. ಮೇಡಂ ಟೀಚರಮ್ಮನಿಗೂ ಉಳಿದ ಸದಸ್ಯರಿಗೂ ಫೋನ್ ಮಾಡಿದ್ದೂ ಕೇಳಿಸಿತು. ಅವರೆಲ್ಲ ಆಗಲೇ ಸಭೆಯೊಳಗೆ ಹೋಗಿ ಫೋನು ಹೊರಗೆ ಕೊಟ್ಟಿದ್ದರೋ ಏನೋ, ಯಾರೂ ಎತ್ತಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಬೀದಿಯಲ್ಲಿ ಒಂದು ಬೈಕೂ ಬರಲಿಲ್ಲ. ಹಾಲಿನವನು ಬಂದ, ಸ್ಕೂಲು ಮಕ್ಕಳು ಹೋದರು, ಒಂದು ನಾಯಿ ನನ್ನ ಬೂಟು ಮೂಸಿತು.

ಹನ್ನೆರಡೂವರೆಗೆ ಸುದ್ದಿ ಬಂತು. ಹನ್ನೊಂದು ಕೈ ಎದ್ದವಂತೆ. ಹನ್ನೆರಡು ಬೇಕಿತ್ತು. ಅಧ್ಯಕ್ಷರೇ ಉಳಿದರು.

ಆ ಹನ್ನೊಂದರಲ್ಲಿ ಔಷಧಿ ಅಂಗಡಿಯವರದೂ ಒಂದು. ಆಸ್ಪತ್ರೆಯಿಂದ ಎದ್ದು ಆಟೋದಲ್ಲಿ ಬಂದಿದ್ದರಂತೆ. ಬಲಗೈ ಬ್ಯಾಂಡೇಜಿನಲ್ಲಿ ಕುತ್ತಿಗೆಗೆ ನೇತುಬಿದ್ದಿತ್ತಂತೆ. ಎಡಗೈ ಎತ್ತಿ, ಎಣಿಸುವವನು ಬೇಕೆಂದೇ ಅವರನ್ನು ಬಿಟ್ಟು ಮುಂದೆ ಹೋದಾಗ, ಕ್ಷಮಿಸಿ, ನಂದೂ ಒಂದಿದೆ ಅಂದರಂತೆ.

ಚಿಲಕ ತೆಗೆದೆ. ಮೇಡಂ ಕೆಲಸದ ಮೇಜಿನ ಮುಂದೆ ಕೂತಿದ್ದರು. ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು. ಯಾರದೋ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುತ್ತಿದ್ದರು, ಒಂದು ಹನಿಯೂ ಆಚೀಚೆ ಚೆಲ್ಲದಂತೆ.

ಮಗಳಿಗೆ ಫೋನ್ ಮಾಡಿದೆ. ಕ್ಲಾಸಿನಲ್ಲಿದ್ದೀನಿ ಅಪ್ಪ, ಏನು, ಅಂದಳು. ಏನಿಲ್ಲ ಅಂದೆ.

ಏಪ್ರಿಲ್ 2, ಬುಧವಾರ

ಅಪಾಯ ಮುಗಿಯಿತಂತೆ. ಕಾವಲು ವಾಪಸು ಪಡೆಯಲಾಗಿದೆ ಅಂತ ಕಾಗದ ಬಂತು, ಸದಸ್ಯೆಗೆ ಒಂದು ಪ್ರತಿ, ನನಗೊಂದು. ಸಾಹೇಬರು ಬೆನ್ನು ತಟ್ಟಿದರು. ಒಂದು ಗೀರೂ ಬೀಳದ ಹಾಗೆ ನೋಡಿಕೊಂಡೆಯಲ್ಲ, ಮೇಲಕ್ಕೆ ಬರೆಯುತ್ತೇನೆ ಅಂದರು. ಮೊಣಕೈ ತರಚಿದ್ದನ್ನು ನಾನು ಹೇಳಲಿಲ್ಲ.

ಹಾಸಿಗೆ, ಡಬ್ಬಿ ಕಟ್ಟಿಕೊಂಡು ಹೊರಡುವಾಗ ಅಜ್ಜ ಕೋಣೆಯಿಂದ ಬರಲಿಲ್ಲ. ಮೇಡಂ ಮುಂದಿನ ಕಿಟಕಿ ತೆಗೆಯುತ್ತಿದ್ದರು. ಇಷ್ಟು ದಿನ ಮುಚ್ಚಿದ್ದು ಬಿಗಿದುಕೊಂಡಿತ್ತು. ನಾನು ಕೈಹಾಕಲು ಹೋದೆ, ಬೇಡ ಅಂದರು. ಏನಾದರೂ ಹೇಳಬೇಕಲ್ಲ ಅಂತ, ನನ್ನ ಪರಿಸ್ಥಿತಿ ಅಂತ ಶುರುಮಾಡಿದೆ. ಮಗಳ ವಿಷಯ ಹೇಳೋಣ ಅಂತಿದ್ದೆ.

"ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ಬಾಗಿಲು ಹೊರಗಿಂದ ಹಾಕಿದ್ದು ನೀವು, ಅದೂ ಒಂದು ದಿನ. ಉಳಿದಷ್ಟೂ ದಿನ ಒಳಗಿಂದ ಹಾಕ್ಕೊಂಡಿದ್ದು ನಾನೇ ತಾನೆ."

ಅಷ್ಟು ಹೇಳಿ ಸುತ್ತಿಗೆ ತರಲು ಒಳಗೆ ಹೋದರು. ಅಣ್ಣ ಅಂತ ಕರೆಯಲಿಲ್ಲ. ಗೇಟು ದಾಟಿ ತಿರುವಿಗೆ ಬಂದಾಗ ಹಿಂದಿನಿಂದ ಕಿಟಕಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಗೇಟಿನ ಹತ್ತಿರ ಆಗಲೇ ಮೂರು ಜನ ಅರ್ಜಿ ಹಿಡಿದು ನಿಂತಿದ್ದರು. ಯಾರೂ ನನ್ನನ್ನು ತಡೆದು ಮಾತಾಡಿಸಲಿಲ್ಲ.

ಏಪ್ರಿಲ್ 20, ಭಾನುವಾರ

ಈಗ ಠಾಣೆಯಲ್ಲಿ ಕೂತು ಮಾಡುವ ಕೆಲಸ. ಮಂಡಿ ಪರವಾಗಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಬರೆದಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಬೀದಿಗೆ ಟೀಚರಮ್ಮ ಮತ್ತು ಇನ್ನಿಬ್ಬರು ಬಂದಿದ್ದರು, ಮನೆಮನೆಗೆ ಒಂದು ಮನವಿ ಹಿಡಿದುಕೊಂಡು. ಔಷಧಿ ಅಂಗಡಿಯವರ ಕೈ ಜಜ್ಜಿದವರು ಯಾರು, ಅವರನ್ನು ಕಳಿಸಿದವರು ಯಾರು, ಮೂರನೇ ವಾರ್ಡಿನ ಸದಸ್ಯರನ್ನು ಸಭೆಗೆ ಬರದ ಹಾಗೆ ಕೂಡಿಹಾಕಿದ್ದು ಯಾರ ಆದೇಶದ ಮೇಲೆ, ಎಲ್ಲದರ ತನಿಖೆ ಆಗಬೇಕಂತೆ. ಮೊದಲ ಸಹಿ ಮೇಡಂ ಅವರದೇ. ದಿನಾ ಬೀದಿ ಸುತ್ತುತ್ತಿದ್ದಾರಂತೆ, ಕಾವಲು ಕೀವಲು ಏನೂ ಇಲ್ಲದೆ. ಇದನ್ನೆಲ್ಲ ಹೆಂಡತಿ ಹೇಳಿದ್ದು. ನಾನು ಹಿತ್ತಲಿನಲ್ಲಿದ್ದೆ. ಟೀಚರಮ್ಮನ ದನಿ ಗುರುತು ಸಿಕ್ಕಿದ್ದರಿಂದ ಅಲ್ಲೇ ಇದ್ದೆ.

ಅವರು ಹೋದ ಮೇಲೆ ಒಳಗೆ ಬಂದು ಹೆಂಡತಿಯನ್ನು ಕೇಳಿದೆ, ನೀನು ಸಹಿ ಹಾಕಲಿಲ್ಲ ತಾನೆ ಅಂತ.

"ಹಾಕಿದೆ," ಅಂದಳು. ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಗಂಡನ ಹೆಸರು ಬರೆಯೋಕೆ ಒಂದು ಜಾಗ ಇತ್ತು. ನಿಮಗೆ ತೊಂದರೆ ಆಗೋದು ಬೇಡ ಅಂತ ಅದನ್ನ ಖಾಲಿ ಬಿಟ್ಟೆ."

ಒಳ್ಳೆಯದಾಯಿತು ಅಂದೆ.